ಯೋ-ಯೋ ಟೆಸ್ಟ್ ಸರಿಯಾಗಿ ಮಾಡಿಸುವುದು ಹೇಗೆ? ಫುಟ್‌ಬಾಲ್ ತಂಡಗಳಿಗೆ ಮೈದಾನದ ಮಾರ್ಗದರ್ಶಿ

ಭಾರತ ಕ್ರಿಕೆಟ್ ತಂಡಕ್ಕೆ ಸೇರಲು ಓಟದ ಪರೀಕ್ಷೆಯೊಂದರಲ್ಲಿ 16.1 ಅಂಕ ದಾಟಬೇಕು ಎಂಬ ಸುದ್ದಿ 2018ರ ಹೊತ್ತಿಗೆ ಪತ್ರಿಕೆಗಳಲ್ಲಿ ಬಂದದ್ದೇ ಬಂದದ್ದು, ಯೋ-ಯೋ ಟೆಸ್ಟ್ ಎಂಬ ಹೆಸರು ಮನೆಮಾತಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಯಾರು ಪಾಸು, ಯಾರು ಫೇಲು ಎನ್ನುವುದೂ ಸುದ್ದಿಯಾಗುತ್ತಿತ್ತು. ಬೀಪ್ ಸದ್ದಿಗೆ ಸರಿಯಾಗಿ 20 ಮೀಟರ್ ಓಡಿಹೋಗಿ ವಾಪಸು ಬರುವುದು, ಹತ್ತು ಸೆಕೆಂಡು ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು, ಇಷ್ಟೇ ಪರೀಕ್ಷೆ. ವೇಗ ಹಂತಹಂತವಾಗಿ ಏರುತ್ತದೆ, ಒಂದೊಂದು ಹಂತವೂ ಒಂದು ಲೆವೆಲ್. ಆದರೆ ಈ ಪರೀಕ್ಷೆಯ ಮೂಲ ಕ್ರಿಕೆಟ್ ಅಲ್ಲ, ಫುಟ್‌ಬಾಲ್. ಇದನ್ನು 1990ರ ದಶಕದಲ್ಲಿ ರೂಪಿಸಿದವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯೆನ್ಸ್ ಬಾಂಗ್ಸ್‌ಬೋ. ಡೆನ್ಮಾರ್ಕಿನ ಲೀಗ್‌ನಲ್ಲಿ ಸ್ವತಃ ಆಡಿದವರು, ಮುಂದೆ ಇಟಲಿಯ ಯುವೆಂಟಸ್ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದವರು. ಫುಟ್‌ಬಾಲ್ ಆಟಗಾರ ತೊಂಬತ್ತು ನಿಮಿಷವೂ ಒಂದೇ ಸಮನೆ ಓಡುವುದಿಲ್ಲ. ಜೋರಾಗಿ ಓಡುತ್ತಾನೆ, ನಡೆಯುತ್ತಾನೆ, ಮತ್ತೆ ಓಡುತ್ತಾನೆ. ನಡುವೆ ಸಿಗುವ ಆ ಚೂರು ಬಿಡುವಿನಲ್ಲಿ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತಾನೆ ಎಂಬುದನ್ನೇ ಈ ಪರೀಕ್ಷೆ ಅಳೆಯುತ್ತದೆ.

ಜಿಲ್ಲಾ ತಂಡ, ಕಾಲೇಜು ತಂಡ, ಸಣ್ಣ ಅಕಾಡೆಮಿಗಳಲ್ಲೂ ಈಗ ಇದು ನಡೆಯುತ್ತದೆ. ನಡೆಯುವ ರೀತಿ ಮಾತ್ರ ಬಹಳ ಕಡೆ ಸಡಿಲ. ಹೆಜ್ಜೆ ಹಾಕಿ ಅಳೆದ ಮೈದಾನ, ಯೂಟ್ಯೂಬ್‌ನಿಂದ ಹಾಕಿದ ಆಡಿಯೊ, ಎಚ್ಚರಿಕೆ ಕೊಡಲು ಹಿಂದೇಟು ಹಾಕುವ ತೀರ್ಪುಗಾರ. ಹೀಗೆ ಬಂದ ಅಂಕವನ್ನು ಇಟ್ಟುಕೊಂಡು ಹುಡುಗನೊಬ್ಬನನ್ನು ತಂಡದಿಂದ ಕೈಬಿಡುವುದು ಅನ್ಯಾಯ. ಟೇಪು, ಬೀಪು, ನಿಯಮ ಈ ಮೂರೂ ಪ್ರತಿ ಸಲವೂ ಒಂದೇ ರೀತಿ ಇದ್ದರೆ ಮಾತ್ರ ಆ ಅಂಕಕ್ಕೆ ಬೆಲೆ.

ಮೊದಲು ಯಾವ ಟೆಸ್ಟ್ ಎಂದು ಗೊತ್ತುಮಾಡಿಕೊಳ್ಳಿ

"ನಮ್ಮ ಹುಡುಗರದ್ದು ಲೆವೆಲ್ 12" ಎಂದು ಒಬ್ಬ ಕೋಚ್, "ನಮ್ಮವರದ್ದು 17" ಎಂದು ಇನ್ನೊಬ್ಬ ಕೋಚ್ ಹೇಳಿದರೆ ಎರಡನೆಯ ತಂಡ ಮೇಲು ಎಂದುಕೊಳ್ಳಬೇಡಿ. ಇಬ್ಬರೂ ಬೇರೆ ಬೇರೆ ಪರೀಕ್ಷೆಯ ಮಾತಾಡುತ್ತಿರಬಹುದು. ಶಾಲೆಗಳಲ್ಲಿ, ಪೊಲೀಸ್ ತರಬೇತಿಗಳಲ್ಲಿ ಹಳೆಯದಾಗಿ ಬಳಕೆಯಲ್ಲಿರುವ ಬೀಪ್ ಟೆಸ್ಟ್ ಮಾಂಟ್ರಿಯಲ್‌ನ ಲೂಕ್ ಲೆಜೆ ಅವರದ್ದು. ಅದರಲ್ಲಿ 20 ಮೀಟರ್ ಅಂತರದಲ್ಲಿ ಎಡೆಬಿಡದೆ ಓಡಬೇಕು, ಬಿಡುವೇ ಇಲ್ಲ. ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಏರುತ್ತದೆ. ಅಲ್ಲಿ ಲೆವೆಲ್ 12 ಮುಟ್ಟಿದವನು 14 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತಾನೆ, ಅದು ಒಳ್ಳೆಯ ಸಾಧನೆ. ಯೋ-ಯೋದಲ್ಲಿ ಲೆವೆಲ್ 12 ಎಂದರೆ ಪರೀಕ್ಷೆ ಇನ್ನೂ ಶುರುವಾದ ಹಾಗೆಯೇ ಇಲ್ಲ.

ಯೋ-ಯೋದಲ್ಲೂ ಹಲವು ಬಗೆಗಳಿವೆ. ಫುಟ್‌ಬಾಲ್ ತಂಡಗಳು ಸಾಮಾನ್ಯವಾಗಿ ಬಳಸುವುದು ಇಂಟರ್ಮಿಟೆಂಟ್ ರಿಕವರಿ ಲೆವೆಲ್ 1, ಅಂದರೆ ನಡುನಡುವೆ ಬಿಡುವು ಕೊಟ್ಟು ಓಡಿಸುವ ಬಗೆ. ಇಲ್ಲಿ ಲೆವೆಲ್ 1, ಲೆವೆಲ್ 2 ಎಂಬುವು ಪರೀಕ್ಷೆಯ ಹೆಸರುಗಳು, ಓಡುವಾಗ ಎಣಿಸುವ ಲೆವೆಲ್‌ಗಳಲ್ಲ. ಲೆವೆಲ್ 2 ಶುರುವಿನಿಂದಲೇ ಜೋರು, ಪಳಗಿದ ವೃತ್ತಿಪರರಿಗೆ ಅದು. ಹತ್ತು ವರ್ಷದೊಳಗಿನ ಮಕ್ಕಳಿಗೆ 20ರ ಬದಲು 16 ಮೀಟರ್ ಅಂತರದ ಬೇರೆ ರೂಪವಿದೆ. ಮುಂದೆ ಹೇಳುವುದೆಲ್ಲ ಲೆವೆಲ್ 1ರ ವಿಷಯ. ಅಂಕ ಬರೆಯುವ ಹಾಳೆಯ ಮೇಲ್ತುದಿಯಲ್ಲೇ ಪರೀಕ್ಷೆಯ ಪೂರ್ಣ ಹೆಸರು ಬರೆದಿಡಿ. ಆರು ತಿಂಗಳ ನಂತರ ಕೋಚ್ ಬದಲಾದಾಗ ಅದು ಕೆಲಸಕ್ಕೆ ಬರುತ್ತದೆ.

ಬೇಕಾಗುವ ಸಾಮಾನು

30 ಮೀಟರ್‌ನ ಟೇಪ್ ಒಂದು, ಆದಷ್ಟು ಸ್ಟೀಲಿನದು. ಫೈಬರ್ ಟೇಪ್ ಆದರೂ ನಡೆಯುತ್ತದೆ, ಆದರೆ ಹಳೆಯದಾದಂತೆ ಹಿಗ್ಗಿರುತ್ತದೆ, ಗಾಳಿಗೆ ಬಿಲ್ಲಿನಂತೆ ಬಾಗುತ್ತದೆ. ತಟ್ಟೆಯಾಕಾರದ ಮಾರ್ಕರ್ ಕೋನ್‌ಗಳು, ಒಬ್ಬ ಆಟಗಾರನಿಗೆ ಮೂರರಂತೆ. ಗೆರೆ ಎಳೆಯಲು ಸುಣ್ಣದ ಪುಡಿ. ಮೈದಾನದ ಆಚೆ ತುದಿಗೂ ಕೇಳಿಸುವ ಸ್ಪೀಕರ್, ಫೋನ್, ಸ್ಟಾಪ್‌ವಾಚ್, ಪ್ಯಾಡಿಗೆ ಸಿಕ್ಕಿಸಿದ ಹಾಳೆ, ಪೆನ್ಸಿಲ್. ಬೆವರು ಬಿದ್ದ ಹಾಳೆಯ ಮೇಲೆ ಪೆನ್ನು ಓಡುವುದಿಲ್ಲ. ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹತ್ತಿರದ ಆಸ್ಪತ್ರೆಯ ಫೋನ್ ನಂಬರು.

ಮೈದಾನ ಅಳೆಯುವುದು

ಹಾಳಾಗುವುದು ಬಹುಪಾಲು ಇಲ್ಲೇ. ಬೇಕಿರುವುದು ಮೂರು ಗೆರೆಗಳು: ಹಿಂದಿನ ಗೆರೆ, ಅದರಿಂದ 5 ಮೀಟರ್ ಮುಂದೆ ಹೊರಡುವ ಗೆರೆ, ಅಲ್ಲಿಂದ 20 ಮೀಟರ್ ಆಚೆ ತಿರುಗುವ ಗೆರೆ. ಟೇಪನ್ನು ಎರಡು ಸಲ ಹಾಸಬೇಡಿ. ಒಂದೇ ಸಲ ನೆಲಕ್ಕೆ ಬಿಗಿಯಾಗಿ ಎಳೆದು 0, 5, 25 ಮೀಟರ್ ಗುರುತುಗಳಲ್ಲಿ ಕೋನ್ ಇಡಿ. ಕೋನ್‌ನ ನಡುಭಾಗ ಗುರುತಿನ ಮೇಲೆ ಕೂರಬೇಕು. ಪಕ್ಕಕ್ಕೆ ಇಟ್ಟರೆ ಅಲ್ಲೇ ಹತ್ತು ಸೆಂಟಿಮೀಟರ್ ಹೋಯಿತು.

ಇದು ಒಂದು ಬದಿ. ಅಗಲಕ್ಕೆ 15 ಮೀಟರ್ ಬಿಟ್ಟು ಇನ್ನೊಂದು ಬದಿಯನ್ನೂ ಹೀಗೇ ಹಾಕಿ. ಈಗ ಹೊರಡುವ ಗೆರೆಯ ಒಂದು ತುದಿಯಿಂದ ತಿರುಗುವ ಗೆರೆಯ ಎದುರು ತುದಿಗೆ ಓರೆಯಾಗಿ ಅಳೆಯಿರಿ. ಸರಿಯಾಗಿ 25 ಮೀಟರ್ ಬರಬೇಕು. 15, 20, 25 ಎಂಬ ಅಳತೆ ಮನೆ ಕಟ್ಟುವ ಮೇಸ್ತ್ರಿಗಳು ಪಾಯದ ಮೂಲೆ ಮಟ್ಟ ನೋಡುವ 3, 4, 5ರ ಲೆಕ್ಕವೇ. ಓರೆ ಅಳತೆ 25ಕ್ಕೆ ಬರದಿದ್ದರೆ ಚೌಕ ವಾಲಿದೆ ಎಂದರ್ಥ, ಅದನ್ನು ಸರಿಪಡಿಸಿಯೇ ಮುಂದೆ ಹೋಗಿ. ನಂತರ ಒಳಗೆ 2 ಮೀಟರಿಗೊಂದರಂತೆ ಓಟದ ಸಾಲುಗಳನ್ನು ಗುರುತಿಸಿ. 15 ಮೀಟರ್ ಅಗಲದಲ್ಲಿ ಏಳು ಜನ ಆರಾಮವಾಗಿ ಓಡುತ್ತಾರೆ. ಹೊರಡುವ ಗೆರೆಗೂ ತಿರುಗುವ ಗೆರೆಗೂ ಸುಣ್ಣ ಎಳೆಯಿರಿ. ಬರೀ ಕೋನ್ ಇದ್ದರೆ ಕಾಲು ಗೆರೆ ಮುಟ್ಟಿತೋ ಇಲ್ಲವೋ ಎಂಬ ಜಗಳ ತಪ್ಪದು.

ಮೈದಾನದಲ್ಲಿ ಮೊದಲೇ ಇರುವ ಗೆರೆಗಳನ್ನು ನಂಬಬೇಡಿ. ಪೆನಾಲ್ಟಿ ಬಾಕ್ಸಿನ ಆಳ 16.5 ಮೀಟರ್. ಗೋಲ್ ಪೆಟ್ಟಿಗೆ 5.5 ಮೀಟರ್, 5 ಅಲ್ಲ. ಕ್ರಿಕೆಟ್ ಪಿಚ್‌ನ ಸ್ಟಂಪಿನಿಂದ ಸ್ಟಂಪಿಗೆ 20.12 ಮೀಟರ್. ನಡುವಿನ ವೃತ್ತದ ಅಡ್ಡಗಲ 18.3 ಮೀಟರ್. "ಹೆಚ್ಚುಕಮ್ಮಿ ಇಪ್ಪತ್ತೇ" ಎಂದು ಆ ವೃತ್ತದಲ್ಲೇ ಓಡಿಸಿದರೆ 16ನೇ ಲೆವೆಲ್‌ನ ಬೀಪ್‌ಗೆ ಓಡುತ್ತಿರುವವನ ನಿಜ ವೇಗ 15.5 ಅಲ್ಲ, 14.2 ಕಿ.ಮೀ. ಅಂದರೆ 13ನೇ ಲೆವೆಲ್ ಓಡುವವನಿಗೆ 16ರ ಅಂಕ ಕೊಟ್ಟ ಹಾಗಾಯಿತು. ಆಯ್ಕೆ ಶಿಬಿರಕ್ಕೆ ಹೋದಾಗ ಆ ಹುಡುಗನಿಗೆ ಗೊತ್ತಾಗುತ್ತದೆ, ಪಾಪ.

ನೆಲವೂ ಮುಖ್ಯ. ಕೆಮ್ಮಣ್ಣಿನ ಗಟ್ಟಿ ನೆಲ, ಹುಲ್ಲು, ಕೃತಕ ಟರ್ಫ್, ಮೂರರಲ್ಲೂ ತಿರುಗುವಾಗ ಕಾಲಿಗೆ ಸಿಗುವ ಹಿಡಿತ ಬೇರೆ. ಹುಲ್ಲಿನ ಮೇಲೆ ಮಾಡಿದ್ದನ್ನು ಮುಂದಿನ ಸಲವೂ ಹುಲ್ಲಿನ ಮೇಲೇ, ಅದೇ ಬಗೆಯ ಬೂಟಿನಲ್ಲೇ ಮಾಡಿ. ಮಳೆ ಬಿದ್ದ ಮಾರನೆಯ ದಿನದ ನುಣ್ಣನೆ ಮಣ್ಣಿನಲ್ಲಿ ಬೇಡವೇ ಬೇಡ, ತಿರುವಿನಲ್ಲಿ ಜಾರಿದರೆ ತೊಡೆಸಂದು ಹಿಡಿದುಕೊಳ್ಳುತ್ತದೆ.

ಬೀಪ್ ಪರೀಕ್ಷಿಸುವುದು

ಆಡಿಯೊವನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ನೇರವಾಗಿ ಇಂಟರ್ನೆಟ್‌ನಿಂದ ಹಾಕಿದರೆ 15ನೇ ಲೆವೆಲ್‌ನ ನಡುವೆ ಜಾಹೀರಾತು ಬರುತ್ತದೆ, ಅಲ್ಲಿಗೆ ಅಂದಿನ ಪರೀಕ್ಷೆ ಮುಗಿಯಿತು. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಇರಲಿ. ಕೈಯಲ್ಲಿ ವೈರ್ ಇದ್ದರೆ ಅದೇ ವಾಸಿ. ಪ್ಲೇಯರ್‌ನಲ್ಲಿ ವೇಗ 1 ಎಂದೇ ಇದೆಯೇ ನೋಡಿ. ಪಾಠದ ವಿಡಿಯೊ ಬೇಗ ನೋಡಲೆಂದು ಯಾರೋ 1.25ಕ್ಕೆ ಇಟ್ಟು ಮರೆತಿರಬಹುದು.

ನಂತರ ಸ್ಟಾಪ್‌ವಾಚ್ ಹಿಡಿದು ಪರೀಕ್ಷಿಸಿ. ಮೊದಲ ಶಟಲ್‌ನಲ್ಲಿ, ಅಂದರೆ ಒಮ್ಮೆ ಹೋಗಿ ಬರುವುದರಲ್ಲಿ, ಹೊರಡುವ ಬೀಪ್‌ನಿಂದ ತಿರುಗುವ ಬೀಪ್‌ಗೆ 7.2 ಸೆಕೆಂಡು, ವಾಪಸು ಬರುವ ಬೀಪ್‌ಗೆ 14.4 ಸೆಕೆಂಡು. ಆಮೇಲೆ 10 ಸೆಕೆಂಡಿನ ಬಿಡುವು. ಲೆವೆಲ್ 15ರಲ್ಲಿ ಇದು 4.8 ಮತ್ತು 9.6 ಸೆಕೆಂಡಿಗೆ ಇಳಿದಿರಬೇಕು. ಹೊಂದಿಕೆಯಾಗದಿದ್ದರೆ ಆ ಫೈಲ್ ಬಿಸಾಡಿ. ಸ್ಪೀಕರನ್ನು ಹೊರಡುವ ಗೆರೆಯ ಹತ್ತಿರ ಇಡದೆ ಎರಡೂ ಗೆರೆಗಳ ನಡುಮಧ್ಯೆ, ಓಟದ ಸಾಲಿನಿಂದ ಮೂರು ನಾಲ್ಕು ಮೀಟರ್ ಬದಿಗೆ ಇಡಿ.

ಲೆವೆಲ್‌ಗಳ ಲೆಕ್ಕ

ಒಂದು ಶಟಲ್ ಎಂದರೆ 20 ಮೀಟರ್ ಹೋಗಿ 20 ಮೀಟರ್ ಬರುವುದು, ಒಟ್ಟು 40 ಮೀಟರ್. 16.1 ಎಂದರೆ 16ನೇ ಲೆವೆಲ್‌ನ ಮೊದಲ ಶಟಲ್. ಈ ಕೋಷ್ಟಕವನ್ನು ಹಾಳೆಯ ಹಿಂಬದಿಗೆ ಬರೆದುಕೊಳ್ಳಿ (ಲೆವೆಲ್, ಗಂಟೆಗೆ ಕಿ.ಮೀ. ವೇಗ, ಶಟಲ್ ಸಂಖ್ಯೆ, ಲೆವೆಲ್ ಮುಗಿದಾಗ ಒಟ್ಟು ಮೀಟರ್):

5 – 10 – 1 – 40
9 – 12 – 1 – 80
11 – 13 – 2 – 160
12 – 13.5 – 3 – 280
13 – 14 – 4 – 440
14 – 14.5 – 8 – 760
15 – 15 – 8 – 1080
16 – 15.5 – 8 – 1400
17 – 16 – 8 – 1720
18 – 16.5 – 8 – 2040
19 – 17 – 8 – 2360
20 – 17.5 – 8 – 2680

ಸಂಖ್ಯೆ 5ರಿಂದ ನೇರ 9ಕ್ಕೆ, 9ರಿಂದ 11ಕ್ಕೆ ಹಾರುವುದನ್ನು ನೋಡಿ ಆಡಿಯೊ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಕೆಟ್ಟಿಲ್ಲ, ಅದು ಇರುವುದೇ ಹಾಗೆ. 14ರಿಂದ ಮುಂದೆ ಪ್ರತಿ ಲೆವೆಲ್‌ಗೂ ಎಂಟು ಶಟಲ್. ನಿಜವಾದ ಪರೀಕ್ಷೆ ಶುರುವಾಗುವುದೇ ಅಲ್ಲಿಂದ. 16.1 ಮುಟ್ಟಲು ಸುಮಾರು ಒಂಬತ್ತೂಕಾಲು ನಿಮಿಷ, 20.1 ಮುಟ್ಟಲು ಹತ್ತೊಂಬತ್ತು ನಿಮಿಷ ಚಿಲ್ಲರೆ ಹಿಡಿಯುತ್ತದೆ. ಬ್ಯಾಚ್‌ಗಳ ಹೊತ್ತನ್ನು ಇದರ ಮೇಲೆ ಹಂಚಿಕೊಳ್ಳಿ.

ಯಾರು ಓಡಬಾರದು

ಜ್ವರದಿಂದ ಎದ್ದು ಇನ್ನೂ ಸುಸ್ತಿರುವವರು, ಡೆಂಗಿ ಬಂದು ಹೋಗಿ ವೈದ್ಯರ ಒಪ್ಪಿಗೆ ಸಿಗದವರು, ಓಡುವಾಗ ಎದೆನೋವು ಅಥವಾ ತಲೆ ತಿರುಗಿ ಬಿದ್ದ ಅನುಭವ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ತೀರಿಕೊಂಡವರು. ಇವರೆಲ್ಲ ಮೊದಲು ವೈದ್ಯರ ಬಳಿ ಹೋಗಬೇಕು. ಇದು ಕೈಲಾಗುವವರೆಗೂ ಓಡಿಸುವ ಪರೀಕ್ಷೆ, ಹೃದಯದ ಬಡಿತ ಗರಿಷ್ಠ ಮಟ್ಟಕ್ಕೇ ಹೋಗುತ್ತದೆ. ಹುಡುಗರು ತಾವಾಗಿ ಬಾಯಿ ಬಿಡುವುದಿಲ್ಲ, ತಂಡದಿಂದ ತೆಗೆದಾರೆಂಬ ಹೆದರಿಕೆ. ಎಲ್ಲರೆದುರು ಕೇಳದೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ.

ಪಂದ್ಯ ಆಡಿ ಎರಡು ದಿನವಾದರೂ ಕಳೆದಿರಲಿ. ಹಿಂದಿನ ದಿನ ಹಗುರ ಅಭ್ಯಾಸ ಸಾಕು. ಊಟ ಎರಡು ಮೂರು ಗಂಟೆ ಮೊದಲು, ಇಡ್ಲಿ, ಬಾಳೆಹಣ್ಣು ತರಹದ್ದು. ಎಣ್ಣೆ ಹೊಯ್ದ ಮಸಾಲೆ ದೋಸೆ ತಿಂದು ಬಂದವರು 15ನೇ ಲೆವೆಲ್‌ನಲ್ಲಿ ಬೇಲಿ ಬದಿಗೆ ಓಡುತ್ತಾರೆ. ಬೆಳಗ್ಗೆ ಏಳಕ್ಕೋ ಸಂಜೆ ಐದಕ್ಕೋ, ಒಂದು ಹೊತ್ತು ಗೊತ್ತುಮಾಡಿ, ಪ್ರತಿ ಸಲವೂ ಅದೇ ಹೊತ್ತು. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಬಂದ ಅಂಕವನ್ನು ಬೆಂಗಳೂರಿನ ಡಿಸೆಂಬರ್ ಬೆಳಗಿನ ಅಂಕದ ಪಕ್ಕ ಇಡಬೇಡಿ.

ಓಡಿಸುವುದು

ಹತ್ತು ನಿಮಿಷ ವಾರ್ಮ್ ಅಪ್ ಮಾಡಿಸಿ. ಆಮೇಲೆ ಆಡಿಯೊ ಹಾಕಿ ಮೊದಲ ನಾಲ್ಕು ಶಟಲ್ ಎಲ್ಲರೂ ಅಭ್ಯಾಸಕ್ಕೆ ಓಡಲಿ. ಹೊಸಬರಿಗೆ ಬೀಪ್‌ನ ಲಯ ಕಿವಿಗೆ ಬೀಳುವುದು ಆಗಲೇ. ಎರಡು ನಿಮಿಷ ಸುಧಾರಿಸಿಕೊಂಡು ನಿಜವಾದ್ದನ್ನು ಶುರುಮಾಡಿ.

ಮೊದಲ ಬೀಪ್‌ಗೆ ಹೊರಡಬೇಕು, ಎರಡನೆಯ ಬೀಪ್‌ಗೆ ಆಚೆ ಗೆರೆಯಲ್ಲಿ ಒಂದು ಕಾಲಾದರೂ ಗೆರೆ ಮುಟ್ಟಿರಬೇಕು ಅಥವಾ ದಾಟಿರಬೇಕು, ಮೂರನೆಯ ಬೀಪ್‌ಗೆ ಹೊರಟ ಗೆರೆಗೆ ವಾಪಸು ಬಂದಿರಬೇಕು. ಆಮೇಲೆ ಹತ್ತು ಸೆಕೆಂಡಿನಲ್ಲಿ ಹಿಂದಿನ ಕೋನ್ ಸುತ್ತಿ ಬಂದು ಹೊರಡುವ ಗೆರೆಯ ಹಿಂದೆ ಕದಲದೆ ನಿಂತಿರಬೇಕು. ಕೆಲವರು ನಡೆದುಕೊಂಡೇ ಬಂದು ಗೆರೆ ತಲುಪುವಷ್ಟರಲ್ಲಿ ಬೀಪ್ ಆಗಿ, ಆ ನಡಿಗೆಯ ವೇಗದಲ್ಲೇ ಓಟಕ್ಕೆ ಇಳಿಯುತ್ತಾರೆ. ಅದು ತಪ್ಪು. ನಿಂತು ಹೊರಡಬೇಕು.

ಮೊದಲ ಸಲ ತಡವಾದರೆ ಎಚ್ಚರಿಕೆ. ಎರಡನೆಯ ಸಲಕ್ಕೆ ಹೊರಗೆ. ಬೀಪ್‌ಗೆ ಮೊದಲೇ ಹೊರಡುವುದಕ್ಕೂ, ಆಚೆ ಗೆರೆ ಮುಟ್ಟದೆ ತಿರುಗುವುದಕ್ಕೂ ಇದೇ ನಿಯಮ ಎಂದು ಮೊದಲೇ ಎಲ್ಲರಿಗೂ ಹೇಳಿಡಿ. ಎಚ್ಚರಿಕೆಯನ್ನು ನಂಬರ್ ಹಿಡಿದು ಜೋರಾಗಿ ಕೂಗಬೇಕು: "ಏಳನೇ ನಂಬರ್, ಒಂದು!" ಕೈ ಎತ್ತಿ ತೋರಿಸಿದರೆ ಓಡುವವನಿಗೆ ಕಾಣುವುದಿಲ್ಲ.

ತೀರ್ಪುಗಾರರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ. ಎಲ್ಲರೂ ಹೊರಡುವ ಗೆರೆಯ ಹತ್ತಿರ ಗುಂಪುಗೂಡುತ್ತಾರೆ, ನೆರಳು ಅಲ್ಲಿರುತ್ತದೆ, ಮಾತುಕತೆ ಅಲ್ಲಿರುತ್ತದೆ. ಮೋಸ ನಡೆಯುವುದು ಆಚೆ ತುದಿಯಲ್ಲಿ. ದಣಿದ ಕಾಲು ಗೆರೆಗೆ ಒಂದು ಗೇಣು, ಎರಡು ಗೇಣು ಮೊದಲೇ ತಿರುಗತೊಡಗುತ್ತದೆ, ಓಡುವವನಿಗೂ ಅದು ಗೊತ್ತಾಗುವುದಿಲ್ಲ. ಆದ್ದರಿಂದ ತಂಡದಲ್ಲಿ ಕಟ್ಟುನಿಟ್ಟಿನ ಮನುಷ್ಯ ಯಾರೋ ಅವರನ್ನೇ ತಿರುಗುವ ಗೆರೆಯ ನೇರಕ್ಕೆ, ಬದಿಯಲ್ಲಿ ನಿಲ್ಲಿಸಿ. ಎದುರು ನಿಂತರೆ ಕಾಲು ಗೆರೆಯಿಂದ ಎಷ್ಟು ದೂರ ಎಂದು ತಿಳಿಯದು.

ಅಂಕ ಬರೆಯುವ ಕೆಲಸವನ್ನು ಎರಡನೆಯ ಬ್ಯಾಚಿನವರಿಗೆ ಕೊಡಬಹುದು, ಒಬ್ಬನಿಗೆ ಒಬ್ಬ. ಪ್ರತಿ ಶಟಲ್‌ಗೂ ಹಾಳೆಯಲ್ಲಿ ಒಂದು ಗೀಟು. ಕೊನೆಗೆ ಆಡಿಯೊ ಹೇಳಿದ ಸಂಖ್ಯೆ ಮತ್ತು ಗೀಟುಗಳ ಲೆಕ್ಕ ತಾಳೆಯಾಗಬೇಕು. ಎಚ್ಚರಿಕೆ ಕೊಡುವ ಅಧಿಕಾರವನ್ನು ಮಾತ್ರ ಅವರ ಕೈಗೆ ಕೊಡಬೇಡಿ. ಗೆಳೆಯನನ್ನು ಗೆಳೆಯ ಹೊರಗೆ ಹಾಕುವುದಿಲ್ಲ.

ಹೊರಬಿದ್ದವನ ಅಂಕ ಎಂದರೆ ಅವನು ಸರಿಯಾಗಿ ಮುಗಿಸಿದ ಕೊನೆಯ ಶಟಲ್. ಕೆಲವು ಕಡೆ ತಪ್ಪಿದ ಶಟಲನ್ನೂ ಸೇರಿಸುತ್ತಾರೆ. ಯಾವುದಾದರೂ ಒಂದನ್ನು ಹಿಡಿದು ಅದನ್ನೇ ಉಳಿಸಿಕೊಳ್ಳಿ. ಹೊರಬಂದವನು ಕೂರಬಾರದು, ಮಲಗಲೂಬಾರದು. ನಾಲ್ಕೈದು ನಿಮಿಷ ನಡೆಯಲಿ. ಜೋರು ಓಟದ ನಂತರ ಒಮ್ಮೆಲೇ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ.

ಓಡುವವರಿಗೆ ಎರಡು ಮಾತು

ಬೀಪ್‌ಗಿಂತ ಮುಂಚೆ ಆಚೆ ಗೆರೆ ಮುಟ್ಟಿ ಕಾಯುವುದರಲ್ಲಿ ಲಾಭವಿಲ್ಲ. ಮೊದಲ ಏಳೆಂಟು ಶಟಲ್‌ನಲ್ಲಿ ಹುಡುಗರು ಹೀಗೆ ಮುಂದೆ ಓಡಿ ಮೆರೆಯುತ್ತಾರೆ, ಕೊನೆಯಲ್ಲಿ ಅದಕ್ಕೆ ಬೆಲೆ ತೆರುತ್ತಾರೆ. ಬೀಪ್‌ಗೆ ಸರಿಯಾಗಿ ಗೆರೆಯ ಮೇಲೆ ಕಾಲಿಡುವುದೇ ಜಾಣತನ.

ತಿರುವಿನಲ್ಲಿ ಗೆರೆ ದಾಟಿ ಅರ್ಧ ಮೀಟರ್ ಹೋದರೆ ಹೋಗಿ ಬರುವುದಕ್ಕೆ ಒಂದು ಮೀಟರ್ ದಂಡ. 40 ಶಟಲ್ ಓಡಿದವನು ಹೀಗೆ ಒಂದಿಡೀ ಶಟಲ್‌ನಷ್ಟು ದೂರವನ್ನು ಪುಕ್ಕಟೆ ಓಡಿರುತ್ತಾನೆ. ಕೊನೆಯ ಎರಡು ಹೆಜ್ಜೆ ಚಿಕ್ಕದು ಮಾಡಿ, ಸೊಂಟ ತಗ್ಗಿಸಿ, ಪಾದವನ್ನು ಅಡ್ಡಲಾಗಿ ಗೆರೆಯ ಮೇಲಿಟ್ಟು ತಿರುಗಿ. ಒಂದು ಸಲ ಎಡಗಾಲಿನ ಮೇಲೆ, ಮುಂದಿನ ಸಲ ಬಲಗಾಲಿನ ಮೇಲೆ. ಒಂದೇ ಕಾಲಿನ ಮೇಲೆ ಎಲ್ಲ ತಿರುವನ್ನೂ ಹಾಕಿದರೆ ಆ ತೊಡೆ ಮೊದಲು ಸೋಲುತ್ತದೆ.

ಅಂಕವನ್ನು ಓದುವುದು

ಯುರೋಪಿನ ಉನ್ನತ ಮಟ್ಟದ ಪುರುಷ ಆಟಗಾರರು ಈ ಪರೀಕ್ಷೆಯಲ್ಲಿ ಸರಾಸರಿ 2,400 ಮೀಟರ್ ಆಸುಪಾಸು ಓಡುತ್ತಾರೆ, ಅಂದರೆ ಲೆವೆಲ್ 20ರ ಬಾಗಿಲು. ಉನ್ನತ ಮಟ್ಟದ ಮಹಿಳಾ ಆಟಗಾರ್ತಿಯರು ಸುಮಾರು 1,600. ಕ್ರಿಕೆಟ್‌ನವರ ಅಂದಿನ 16.1 ಎಂದರೆ 1,120 ಮೀಟರ್. ಫುಟ್‌ಬಾಲ್‌ನ ಪುರುಷರಿಗೆ ಅದನ್ನೇ ಗುರಿಯಾಗಿ ಇಟ್ಟುಕೊಂಡರೆ ತೀರಾ ಕಡಿಮೆಯಾಯಿತು.

ಫುಟ್‌ಬಾಲ್‌ನಲ್ಲೂ ಎಲ್ಲರಿಗೂ ಒಂದೇ ಪಾಸ್ ಅಂಕ ಇಡುವುದು ನಮಗೆ ಸರಿಕಾಣದು. ಮಿಡ್‌ಫೀಲ್ಡರ್‌ಗಳು, ಫುಲ್ ಬ್ಯಾಕ್‌ಗಳು ಸಾಮಾನ್ಯವಾಗಿ ಹೆಚ್ಚು ಓಡುತ್ತಾರೆ, ಸೆಂಟರ್ ಬ್ಯಾಕ್‌ಗಳು ಮತ್ತು ಸ್ಟ್ರೈಕರ್‌ಗಳು ಕಡಿಮೆ. ಅವರ ಆಟದ ಕೆಲಸವೇ ಹಾಗಿದೆ. ಗೋಲ್‌ಕೀಪರನ್ನು ಇದರ ಮೇಲೆ ತೂಗುವುದಂತೂ ಅರ್ಥವಿಲ್ಲದ್ದು.

ಒಬ್ಬನನ್ನು ಅವನ ಹಿಂದಿನ ಅಂಕದ ಜೊತೆಗೇ ಹೋಲಿಸಿ ನೋಡುವುದು ಸರಿಯಾದ ಬಳಕೆ. ಅಲ್ಲೂ ಒಂದು ಎಚ್ಚರ. ಅದೇ ಆಟಗಾರ ಅದೇ ವಾರ ಮತ್ತೆ ಓಡಿದರೂ ಅಂಕ ಶೇಕಡಾ 5ರಷ್ಟು ಆಚೀಚೆ ಆಗುತ್ತದೆ. 1,800 ಮೀಟರ್ ಓಡಿದವನಿಗೆ ಅದು 90 ಮೀಟರ್, ಎರಡು ಶಟಲ್‌ಗಿಂತ ಜಾಸ್ತಿ. ಹಾಗಾಗಿ 17.8 ಇದ್ದದ್ದು 18.1 ಆಯಿತೆಂದು ಚಪ್ಪಾಳೆ ತಟ್ಟುವುದೂ, 17.7 ಆಯಿತೆಂದು ಬೈಯುವುದೂ ಬೇಡ. ನಾಲ್ಕೈದು ಶಟಲ್ ವ್ಯತ್ಯಾಸ ಕಂಡರೆ ಆಗ ಕಾರಣ ಹುಡುಕಿ. ಮೊದಲ ಸಲ ಓಡಿದವನ ಅಂಕವನ್ನು ಲೆಕ್ಕಕ್ಕೇ ಹಿಡಿಯಬೇಡಿ, ಎರಡನೆಯ ಸಲ ಬರೀ ರೂಢಿಯಿಂದಲೇ ಅದು ಏರುತ್ತದೆ.

ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯವನ್ನು ಅಂದಾಜು ಮಾಡುವ ಸೂತ್ರವೂ ಇದೆ: ಮೀಟರ್‌ಗಳನ್ನು 0.0084ರಿಂದ ಗುಣಿಸಿ 36.4 ಸೇರಿಸುವುದು. 1,600 ಮೀಟರ್‌ಗೆ 49.8 ಬರುತ್ತದೆ, ಪ್ರತಿ ಕೆ.ಜಿ.ಗೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂಬ ಲೆಕ್ಕ. ಒಬ್ಬೊಬ್ಬರ ಮಟ್ಟಿಗೆ ಇದು ಬಹಳ ಒರಟು ಅಂದಾಜು. ಪೋಷಕರಿಗೆ ವರದಿ ಕೊಡುವಾಗ ಮೀಟರ್‌ಗಳನ್ನೇ ಬರೆಯಿರಿ.

ಎಷ್ಟು ಸಲ?

ಸೀಸನ್‌ಗೆ ಮೊದಲಿನ ಅಭ್ಯಾಸ ಶುರುವಾದಾಗ ಒಮ್ಮೆ, ಅದು ಮುಗಿದಾಗ ಒಮ್ಮೆ, ಸೀಸನ್ ನಡುವೆ ಬಿಡುವು ಸಿಕ್ಕರೆ ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ಬೇಡ. ವಾರವಾರವೂ ಇದನ್ನೇ ಓಡಿಸಿ ಅಭ್ಯಾಸ ಎನ್ನುವ ಕೋಚ್‌ಗಳು ಕೊನೆಗೆ ಪರೀಕ್ಷೆಯಲ್ಲಿ ಪಳಗಿದ ಹುಡುಗರನ್ನು ತಯಾರಿಸುತ್ತಾರೆ, ಪಂದ್ಯದಲ್ಲಿ ಅವರು ಎಂದಿನಂತೆಯೇ ಇರುತ್ತಾರೆ.

ಪಂದ್ಯಗಳ ನಡುವೆ ಸ್ಥಿತಿ ತಿಳಿಯಬೇಕಿದ್ದರೆ ಆರು ನಿಮಿಷದ ಚಿಕ್ಕ ರೂಪ ಸಾಕು. ಇದೇ ಆಡಿಯೊ, ಇದೇ ಮೈದಾನ. 14.7 ಮುಗಿಯುತ್ತಲೇ, ಅಂದರೆ 720 ಮೀಟರ್‌ಗೆ, ಎಲ್ಲರನ್ನೂ ನಿಲ್ಲಿಸಿ ಆ ಕ್ಷಣದ ಹೃದಯಬಡಿತ ಬರೆದುಕೊಳ್ಳಿ. ಹೋದ ತಿಂಗಳು 178 ಇದ್ದದ್ದು ಈಗ 170ಕ್ಕೆ ಇಳಿದಿದ್ದರೆ ಸ್ಟಾಮಿನಾ ಏರುತ್ತಿದೆ ಎಂದರ್ಥ. ಒಮ್ಮೆಗೇ 186ಕ್ಕೆ ಏರಿದ್ದರೆ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದಾನೋ, ಜ್ವರ ಬರುವುದರಲ್ಲಿದೆಯೋ, ಬಿಸಿಲೋ ಎಂದು ವಿಚಾರಿಸಿ, ಅದಾದ ಮೇಲೆ ಫಿಟ್‌ನೆಸ್ ಮಾತು. ಬಡಿತ ಅಳೆಯಲು ಎದೆಪಟ್ಟಿ ಇರಬೇಕು. ಮಣಿಕಟ್ಟಿನ ವಾಚುಗಳು ಕೈ ಬೀಸಿ ಓಡುವಾಗ ಆಗಾಗ ತಪ್ಪು ತೋರಿಸುತ್ತವೆ, ಕುತ್ತಿಗೆಗೆ ಬೆರಳಿಟ್ಟು ಎಣಿಸುವಷ್ಟರಲ್ಲಿ ಬಡಿತ ಇಳಿದುಬಿಟ್ಟಿರುತ್ತದೆ.